ಓನರಮ್ಮನ ಕುಂಟು ಕೈ

ಓನರಮ್ಮನ ಬಲಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಆ ಬೆರಳು ಸುಮ್ಮನಿದ್ದದ್ದನ್ನು ನಾನು ಕಂಡೇ ಇಲ್ಲ. ಕಾಫಿ ಲೋಟ, ಕಿಟಕಿ ಸರಳು, ಬಸ್ಸಿನ ಸೀಟು, ಯಾವುದು ಸಿಕ್ಕಿದರೂ ಅದರ ಮೇಲೆ ಟಕಟಕ ಕುಟ್ಟುತ್ತಿತ್ತು. ಬಾಡಿಗೆಗೆ ಬಂದ ಹೊಸದರಲ್ಲಿ ಇದೇನೋ ನರದ ಕಾಯಿಲೆ ಇರಬೇಕೆಂದು ನಾನೂ ಅವ್ವನೂ ಪಿಸುಗುಟ್ಟಿಕೊಂಡಿದ್ದೆವು.

ನನಗೆ ಹೊಳೆನರಸೀಪುರದ ಹೈಸ್ಕೂಲಿಗೆ ವರ್ಗವಾಗಿತ್ತು. ಚನ್ನರಾಯಪಟ್ಟಣದ ಕಡೆಯ ನಮ್ಮೂರಿನಿಂದ ಅವ್ವನನ್ನು ಕರೆದುಕೊಂಡು ಬಂದು ಅವರ ಮನೆಯ ಮಹಡಿ ಹಿಡಿದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದ ಓನರಮ್ಮ ಮದುವೆಯ ಗೋಜಿಗೆ ಹೋಗದೆ, ತಾವೇ ಕಟ್ಟಿಸಿದ ಆ ಮನೆಯ ಕೆಳಗಡೆ ಆರಾಮಾಗಿದ್ದರು. ಮೊದಲ ದಿನವೇ ನಾನು ತಾರಸಿಯ ಮೇಲಿನ ತಾಮ್ರದ ತಂತಿಗೆ ಒದ್ದೆ ಸೀರೆ ಹರವಿದೆ. ಕೆಳಗಿನಿಂದ ಒಡಕು ದನಿಯೊಂದು ಏರಿ ಬಂತು. “ಟೀಚರಮ್ಮಾ, ತೆಗೀರಿ ತೆಗೀರಿ! ಅದು ಬಟ್ಟೆ ಹಾಕೋ ತಂತಿ ಅಲ್ಲರೀ, ನನ್ನ ಕಿವಿ ಅದು!”

ಅದು ಅವರ ರೇಡಿಯೊದ ಏರಿಯಲ್ ತಂತಿ. ಹೀಗೆ ನನಗೆ ಹ್ಯಾಮ್ ರೇಡಿಯೊದ ಪರಿಚಯವಾಯಿತು. ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಮನೆಯಲ್ಲೇ ಕೂತು ದೂರದೂರಿನವರ ಜೊತೆ ಮಾತಾಡುವ ಹವ್ಯಾಸ ಅದು. ಒಬ್ಬೊಬ್ಬರಿಗೂ ಸರ್ಕಾರ ಕೊಟ್ಟ ಒಂದು ಕರೆಸಂಕೇತ ಇರುತ್ತದೆ. ದಿನಾ ಬೆಳಿಗ್ಗೆ ಹಾಸನದ ಒಬ್ಬ ನಿವೃತ್ತ ಮೇಷ್ಟ್ರು ಆ ಸಂಕೇತಗಳನ್ನು ಸಾಲಾಗಿ ಕರೆಯುತ್ತಿದ್ದರು, ಇವರೆಲ್ಲ ಹಾಜರಿ ಹೇಳಿ ತಂತಮ್ಮ ಊರಿನ ಮೋಡ, ಬಿಸಿಲು ವರದಿ ಮಾಡುತ್ತಿದ್ದರು. ಶಾಲೆಯಲ್ಲಿ ದಿನಾ ಹಾಜರಿ ಕೂಗಿ ಸಾಕಾಗಿದ್ದ ನನಗೆ, ವಯಸ್ಸಾದವರು ಇಷ್ಟಪಟ್ಟು ಹಾಜರಿ ಹೇಳುವುದು ನಗು ಬರಿಸುತ್ತಿತ್ತು. ರೇಡಿಯೊದಲ್ಲಿ ಗರಗರ ಸದ್ದು ಬರುತ್ತದೆಂದು ಆ ಹೊತ್ತಿನಲ್ಲಿ ನಾವು ಮಿಕ್ಸಿ ಹಾಕುವಂತಿರಲಿಲ್ಲ. ಒಮ್ಮೆ ಮೆಟ್ಟಿಲು ಹತ್ತಿ ಬಂದು, “ನಿಮ್ಮ ಅಡುಗೆಮನೆ ಬಲ್ಬು ಆಕಾಶಾನೇ ಕೊರೀತಿದೆ” ಎಂದು ಅದನ್ನು ಬಿಚ್ಚಿಸಿ, ಬೇರೆ ಬಲ್ಬನ್ನು ತಾವೇ ತಂದು ಹಾಕಿದರು.

ಹಾಜರಿ ಮುಗಿದರೆ ಬ್ಲೂಸ್. ಅಮೆರಿಕದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು. ಸ್ನಾನ ಮಾಡುವಾಗಲೂ ಅದೇ, ಹುಳಿಗೆ ಒಗ್ಗರಣೆ ಹಾಕುವಾಗಲೂ ಅದೇ. “ಆ ವಯ್ಯ ಅಳ್ತಾವ್ನೋ ಆಡ್ತಾವ್ನೋ?” ಎಂದು ಮೂಗು ಮುರಿಯುತ್ತಿದ್ದ ಅವ್ವ, ತಿಂಗಳು ಕಳೆಯುವುದರೊಳಗೆ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಕೇಳತೊಡಗಿದಳು. “ಎಲ್ಡು ಸಲ ಅದ್ನೇ ಏಳಿ, ಮೂರ್ನೇ ಸಲಕ್ಕೆ ಉತ್ರ ಕೊಡ್ತಾನೆ. ನಾಟಿ ಆಕೋವಾಗ ನಾವೂ ಅಂಗೇ ಆಡ್ತಿದ್ದೋ ಕಣವ್ವಾ.” ಓನರಮ್ಮನಿಗೆ ಅದನ್ನು ಕೇಳಿ ಆದ ಖುಷಿ ಅಷ್ಟಿಷ್ಟಲ್ಲ, ಆವತ್ತು ಅವ್ವನಿಗೆ ಎರಡು ಲೋಟ ಕಾಫಿ ಸಿಕ್ಕಿತು.

ಅವರು ಹುಟ್ಟಿದ್ದು ರುದ್ರಪಟ್ಟಣದಲ್ಲಿ. ಮನೆಯಲ್ಲಿ ಎಲ್ಲರೂ ಹಾಡುವವರೇ, ಇವರೊಬ್ಬರದೇ ಒಡಕು ಗಂಟಲು. “ನೀನು ತಾಳ ಹಾಕು, ಸಾಕು” ಅಂದಿದ್ದರಂತೆ ಹಿರಿಯರು. “ಅವರ ತಪ್ಪೇನಿಲ್ಲಮ್ಮ. ನಾನು ಬಾಯಿ ಬಿಟ್ಟರೆ ಕೊಟ್ಟಿಗೇಲಿ ಹಸು ಎದ್ದು ನಿಲ್ತಿತ್ತು.” ಒಂದು ಸಂಜೆ ರೇಡಿಯೊ ತಿರುಗಿಸುತ್ತಿದ್ದಾಗ ಎರಡು ಸ್ಟೇಷನ್ನುಗಳ ನಡುವೆ ಯಾವನೋ ಗಿಟಾರು ಮೀಟಿಕೊಂಡು ಹಾಡುತ್ತಿದ್ದನಂತೆ. “ನನ್ನ ಗಂಟಲಿನೋನೊಬ್ಬ ಸಿಕ್ಕಿಬಿಟ್ಟ ಅನ್ನಿಸ್ತು ಟೀಚರಮ್ಮ. ಅವನು ಎಲ್ಲಿರ್ತಾನೆ, ಅಲ್ಲಿಗೆ ಹೇಗೆ ಮಾತು ಕಳಿಸೋದು, ಅದೇ ಯೋಚನೆ.” ಹಾಡೂ ರೇಡಿಯೊದ ಹುಚ್ಚೂ ಒಟ್ಟಿಗೇ ಹಿಡಿದವು.

ಆದರೆ ಹ್ಯಾಮ್ ರೇಡಿಯೊದಲ್ಲಿ ಹಾಡು ಹಾಕುವಂತಿಲ್ಲ. ಅದು ಕಾನೂನು. ಓನರಮ್ಮ ಎಷ್ಟು ಕಟ್ಟುನಿಟ್ಟೆಂದರೆ, ರೇಡಿಯೊ ಸೆಟ್ಟು ಹಚ್ಚುವ ಮುಂಚೆ ಟೇಪ್‌ರೆಕಾರ್ಡರ್ ಆರಿಸಿ, ಆ ಕೋಣೆಯ ಬಾಗಿಲನ್ನೂ ಎಳೆದುಕೊಳ್ಳುತ್ತಿದ್ದರು. ಹಾಡು ನುಸುಳಿದ್ದು ಅವರ ಬೆರಳಿನಲ್ಲಿ ಮಾತ್ರ. ಲೈಸೆನ್ಸಿನ ಪರೀಕ್ಷೆಗೆ ಮೋರ್ಸ್ ಕಲಿಯಬೇಕಿತ್ತು. ಅದು ಚುಕ್ಕೆ, ಗೆರೆಗಳಲ್ಲಿ ಅಕ್ಷರ ಕುಟ್ಟುವ ಭಾಷೆ, ಎಲ್ಲ ಚುಕ್ಕೆಯೂ ಒಂದೇ ಅಳತೆಯಲ್ಲಿರಬೇಕು. ಇವರದು ಬ್ಲೂಸಿನ ನಡೆಯಲ್ಲಿ ಒಂದು ಉದ್ದ, ಒಂದು ಗಿಡ್ಡ. “ನಿಮ್ಮ ಕೈ ಕುಂಟುತ್ತೆ ಮೇಡಂ” ಎಂದು ಪರೀಕ್ಷಕರು ಮೊದಲ ಸಲ ನಪಾಸು ಮಾಡಿದರು. ಹಾಸನದ ಮೇಷ್ಟ್ರು ಆಗ ಇವರ ಜೊತೆಗೇ ಕಲಿಯುತ್ತಿದ್ದವರು, ಅವರು ಪಾಸಾದರು. ಮುಂದಿನ ಸಲ ಇವರು ಕೈಯನ್ನು ಹಟದಿಂದ ನೆಟ್ಟಗೆ ನಡೆಸಿ ಪಾಸಾಗಿ, ಮೋರ್ಸ್ ಕುಟ್ಟುವ ಕೀಯನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿಟ್ಟರು. ಆಮೇಲೆ ಕುಟ್ಟಿದ್ದೆಲ್ಲ ಲೋಟದ ಮೇಲೆ.

ನಾವು ಬಂದ ಮೂರನೇ ವರ್ಷ ಅವರ ಗಂಟಲಿನಲ್ಲಿ ಗಂಟು ಕಾಣಿಸಿಕೊಂಡಿತು. ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಆಸ್ಪತ್ರೆಗೆ ಹೊರಡುವಾಗ, “ಕಳ್ಳ ಬಂದರೂ ಕದೀದೇ ಇರೋ ಗಂಟಲು ಇದು. ಪಾಪ, ಡಾಕ್ಟರಿಗೆ ಬೇಕಾಯ್ತು ನೋಡಿ” ಎಂದು ನಗಿಸಿದರು. ಅವರ ದನಿ ನಾನು ಕೇಳಿದ್ದು ಅದೇ ಕೊನೆ.

ಮನೆಗೆ ಬಂದ ಮೇಲೆ ಬೆಳಿಗ್ಗೆ ಸೆಟ್ಟು ಹಚ್ಚುವುದನ್ನು ಬಿಡಲಿಲ್ಲ. ಹಾಸನದವರು ಇವರ ಸಂಕೇತ ಕರೆಯುವರು, ಇನ್ನೊಮ್ಮೆ ಕರೆಯುವರು, ಮುಂದಕ್ಕೆ ಹೋಗುವರು. ಉತ್ತರವಿಲ್ಲದೆ ಬಹಳ ದಿನ ಕಳೆದರೆ ಹಾಜರಿಯಿಂದ ಕೈಬಿಡುವುದು ಅವರ ರೂಢಿ. ಓನರಮ್ಮ ಹಾಡು ಹಾಕುವುದನ್ನೂ ನಿಲ್ಲಿಸಿದರು. ಮನೆ ಅಷ್ಟು ನಿಶ್ಶಬ್ದವಾದದ್ದು ನನಗೆ ಸಹಿಸಲಾಗಲಿಲ್ಲ. ಒಂದು ಬೆಳಿಗ್ಗೆ ನಾನು ಮತ್ತು ಅವ್ವ ಕಾಫಿ ಹಿಡಿದುಕೊಂಡು ಕೆಳಗಿಳಿದು, ಆ ಕೀ ಯಾಕೆ ತೆಗೆಯಬಾರದು ಎಂದು ಕೇಳಿದೆವು. ಅವರು ಎರಡು ಬೆರಳುಗಳನ್ನು ಮೇಜಿನ ಮೇಲೆ ಕುಂಟಿಸಿ ತೋರಿಸಿ, ಬೇಡವೆಂದು ತಲೆಯಾಡಿಸಿದರು.

ಅವ್ವ ಸುಮ್ಮನಿರುವವಳಲ್ಲ. “ಕುಂಟುದ್ರೇನಾಯ್ತು? ಕುಂಟ್ಕಂಡೇ ಓಗಿ ಸೇರ್ಕಳಿ. ಅಲ್ಲಿ ನಿಮ್ಮನ್ನ ಕರೀತಾವ್ರೆ, ಇಲ್ಲಿ ಗುಮ್ಮನಂಗೆ ಕುಂತಿದ್ರೆ ಎಂಗೆ?”

ಓನರಮ್ಮ ಅವ್ವನನ್ನೇ ನೋಡಿದರು. ಎದ್ದು ಬೀರು ತೆಗೆದು, ಕೀಯ ಬಟ್ಟೆ ಬಿಚ್ಚಿ ಸೆಟ್ಟಿಗೆ ಜೋಡಿಸಿದರು. ತಮ್ಮ ಸರದಿ ಬಂದಾಗ ಕುಟ್ಟಿದರು, ಉದ್ದ ಗಿಡ್ಡ, ಉದ್ದ ಗಿಡ್ಡ. ಸಂಕೇತ ಪೂರ್ತಿಯಾಗುವ ಮುಂಚೆಯೇ ಹಾಸನದವರ ದನಿ ಉಕ್ಕಿ ಬಂತು. “ಅಮ್ಮಾ, ಸಾಕು ಸಾಕು, ಕೈ ಗೊತ್ತಾಯ್ತು! ಪರೀಕ್ಷೆಲಿ ನಪಾಸಾದ ಕೈ ಅಲ್ವೇ ಅದು?” ಓನರಮ್ಮ ಶಬ್ದವಿಲ್ಲದೆ, ಮೈಯೆಲ್ಲ ಕುಲುಕಿಸಿ ನಕ್ಕರು. ಆ ದಿನ ಮಧ್ಯಾಹ್ನ ಕೆಳಗಡೆ ಮತ್ತೆ ಗಿಟಾರು ಶುರುವಾಯಿತು.

ಆಮೇಲಿನ ವರ್ಷಗಳು ಸುಖವಾಗಿದ್ದವು. ಅವರೊಡನೆ ಹರಟಬೇಕೆಂದು ನಾನೂ ಮೋರ್ಸ್ ಕಲಿತೆ, ತಪ್ಪಿದರೆ ಅಕ್ಕರೆಯಿಂದ ಬೆರಳಿಗೊಂದು ಏಟು ಬೀಳುತ್ತಿತ್ತು. ಹೋದ ವರ್ಷ ಊಟ ಮಾಡಿ ಮಲಗಿದವರು ಏಳಲಿಲ್ಲ. ಅರಕಲಗೂಡಿನಿಂದ ಬಂದ ಅವರ ತಮ್ಮನ ಮಗ ಸೆಟ್ಟನ್ನೂ ಕೀಯನ್ನೂ ನನ್ನ ಮುಂದಿಟ್ಟು, “ಇವು ನಿಮಗೇ ಅಂತ ಅತ್ತೆ ಮೊದಲೇ ಬರೆದು ತೋರಿಸಿದ್ರು” ಅಂದ. ನಾನು ಅಳುತ್ತಲೇ ಪರೀಕ್ಷೆಗೆ ಅರ್ಜಿ ಹಾಕಿದೆ.

ಲೈಸೆನ್ಸ್ ಬಂದ ಮೇಲಿನ ಮೊದಲ ಬೆಳಿಗ್ಗೆ, ಹೊಸಬರು ಯಾರಾದರೂ ಇದ್ದೀರಾ ಎಂದು ಹಾಸನದವರು ಕೇಳಿದರು. ಮೈಕಿನಲ್ಲೇ ಮಾತಾಡಬಹುದಿತ್ತು. ಯಾಕೋ ಕೀಗೆ ಕೈ ಹೋಯಿತು. ಯಾರಿಗೂ ಗೊತ್ತಿಲ್ಲದ ನನ್ನ ಹೊಸ ಸಂಕೇತವನ್ನು ಕುಟ್ಟಿದೆ, ಊರನ್ನೂ ಹೇಳಿರಲಿಲ್ಲ, ಹೆಸರನ್ನೂ ಹೇಳಿರಲಿಲ್ಲ. ಹಾಸನದವರು ಮೆಲ್ಲಗೆ ಕೇಳಿದರು.

“ಹೊಳೆನರಸೀಪುರ ಅಲ್ವೇನಮ್ಮಾ?”

ಹೌದು ಎಂದು ಕುಟ್ಟಿದೆ. ಕಣ್ಣು ಮಂಜಾಗಿತ್ತು, ಕೈ ಮಾತ್ರ ಓನರಮ್ಮ ಕಲಿಸಿದ ಹಾಗೇ ಕುಂಟುತ್ತಾ ನಡೆಯಿತು.