ಮೊದಲ ಹೆಸರಿನವರನ್ನು ಕೇಳಿ

ನಿಮ್ಮ ಲೇಖನ ತಲುಪಿದೆ ಎಂದು ಸಂಶೋಧನಾ ಪತ್ರಿಕೆಯವರ ಮೇಲ್ ಬಂದಾಗ ನಾನು ಮಾನ್ವಿ ಬಸ್ ನಿಲ್ದಾಣದಲ್ಲಿ ಮಿರ್ಚಿ ತಿನ್ನುತ್ತಿದ್ದೆ. ಲೇಖಕರ ಸಾಲಿನಲ್ಲಿ ಮೊದಲು ನಮ್ಮ ವಿಭಾಗದ ಮುಖ್ಯಸ್ಥರ ಅಳಿಯನ ಹೆಸರು, ಆಮೇಲೆ ನನ್ನ ಗೈಡ್, ಕಟ್ಟಕಡೆಗೆ ನಾನು. ಮೈಯೆಲ್ಲ ಉರಿದುಹೋಯಿತು. ಕಾಲುವೆ ನೀರು ನಿಂತು ನಿಂತು ಉಪ್ಪೇರಿ ಸವಳಾದ ಗದ್ದೆಗಳ ಮಣ್ಣನ್ನು ಪೋತ್ನಾಳ, ಕುರ್ಡಿ, ದೇವದುರ್ಗದ ಕಡೆಯಿಂದ ಹೊತ್ತು ತಂದವಳು ನಾನು. ರಾಯಚೂರಿನ ಲ್ಯಾಬಿನಲ್ಲಿ ಒಣಗಿಸಿ, ಜರಡಿ ಹಿಡಿದು, ಪರೀಕ್ಷೆ ಮಾಡಿದವಳೂ ನಾನೇ, ಬರೆದು ಗೈಡ್ ಕೈಗೆ ಕೊಟ್ಟವಳೂ ನಾನೇ. ಆ ಅಳಿಯ ಯಾವುದೋ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ. ಸಂದರ್ಶನಕ್ಕೆ ಅವನಿಗೊಂದು ಲೇಖನ ಬೇಕಿತ್ತಂತೆ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ!

ನಮ್ಮಲ್ಲಿ ಮೊದಲ ಹೆಸರಿನ ಲೇಖನ ಒಂದಾದರೂ ಇಲ್ಲದೆ ಪಿಎಚ್‌ಡಿ ಪ್ರಬಂಧ ಸಲ್ಲಿಸುವಂತಿಲ್ಲ. ನನ್ನ ಹತ್ತಿರ ಇದ್ದದ್ದು ಇದೊಂದೇ.

ಮರುದಿನ ಗೈಡ್ ಕೋಣೆಗೆ ನುಗ್ಗಿದೆ.

“ಮುಖ್ಯಸ್ಥರು ಹೇಳಿದ್ರವ್ವಾ, ನಾ ಏನ್ ಮಾಡ್ಲಿ?” ಎಂದರು. ಅವರ ಬಡ್ತಿಯ ಫೈಲು ಮುಖ್ಯಸ್ಥರ ಮೇಜಿನ ಮೇಲೆ ಕೂತಿತ್ತು.

“ಕೆಲಸ ನಂದು ಅದ ಸರ್.”

“ಹಠ ಮಾಡಬ್ಯಾಡ. ನಿನ್ನ ಪ್ರಬಂಧಕ್ಕ ಸಹಿ ಮಾಡೋನು ನಾನು, ನೆನಪಿರ್ಲಿ.”

ಕೆಟ್ಟವರೇನಲ್ಲ. ನನಗೆ ಜ್ವರ ಬಂದಾಗ ಮನೆಯಿಂದ ಗಂಜಿ ಕಳಿಸಿದವರು. ಅದಕ್ಕೇ ಇನ್ನಷ್ಟು ಸಂಕಟವಾಯಿತು.

ಊರಿಗೆ ಹೋದಾಗ ಅವ್ವನಿಗೆ ಹೇಳಿದೆ. ದೇವದುರ್ಗದ ಹತ್ತಿರ ನಮ್ಮದು ಕುರಿ ಸಾಕುವ ಮನೆ. ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ.

“ದೊಡ್ಡೋರ ಜೋಡಿ ಜಗಳ ಯಾಕ ಬೇ? ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು, ಹಂಗ ನಡಕೊ.”

“ಕೋಲು ನನ್ನ ಕೈಯಾಗ ಎಲ್ಲದ ಯವ್ವಾ?” ಎಂದೆ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ಗೈಡ್ ಫೋನ್ ಮಾಡಿದರು. ಲೇಖನ ಪರಿಶೀಲಿಸಿದವರು ಪ್ರಶ್ನೆ ಕಳಿಸಿದ್ದರು. ವಾರದೊಳಗೆ ಉತ್ತರ ಹೋಗದಿದ್ದರೆ ಲೇಖನ ತಿರಸ್ಕೃತ.

“ಕುರ್ಡಿ ಗದ್ದಿ ಎರಡು ಯಾಕ ಬಿಟ್ಟೀದಿ, ಕೇಳ್ಯಾರ.”

“ಮೊದಲ್ನೇ ಹೆಸರಿನವ್ರನ್ನ ಕೇಳ್ರಿ ಸರ್.”

“ಅವಂಗೇನ್ ಗೊತ್ತಿರ್ತದವ್ವಾ?”

“ನಾನೂ ಅದನ್ನೇ ಹೇಳಾಕತ್ತೀನ್ರಿ.”

ಫೋನ್ ಇಟ್ಟೆ. ಅವರು ಸಹಿ ಹಾಕದಿದ್ದರೆ ಇಷ್ಟು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಹೆದರಿಕೆ ಆಗಿತ್ತು, ಸುಳ್ಳು ಯಾಕೆ ಹೇಳಲಿ? ಆದರೂ ಸತ್ತರೂ ಉತ್ತರ ಬರೆಯುವುದಿಲ್ಲ ಎಂದು ಕೂತೆ. ವಿಭಾಗದಲ್ಲಿ ಎದುರಾದಾಗಲೆಲ್ಲ ನಮಸ್ಕಾರ ಮಾಡಿದೆ, ಉತ್ತರ ಮಾತ್ರ ಕೊಡಲಿಲ್ಲ.

ಗಡುವಿನ ದಿನ ಅವರೇ ಕರೆಸಿದರು. ನನ್ನೆದುರಿಗೇ ಅಳಿಯನಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಪ್ರಶ್ನೆಗಳನ್ನು ಒಂದೊಂದಾಗಿ ಓದಿದರು.

“ಅಯ್ಯೋ ಸರ್, ನನ್ನ ಹೆಸರು ತಗದುಬಿಡ್ರಿ,” ಎಂದ ಅವನು ಕೊನೆಗೆ. “ಬೇಕಾದ್ರ ಈಗ್ಲೇ ಮೇಲ್ ಮಾಡ್ತೀನಿ.” ಮಾಡಿಯೂ ಬಿಟ್ಟ.

ಗೈಡ್ ಲ್ಯಾಪ್‌ಟಾಪನ್ನು ನನ್ನ ಕಡೆಗೆ ಸರಿಸಿದರು. ಮೊದಲು ನನ್ನ ಹೆಸರು ಟೈಪ್ ಮಾಡಿದೆ, ಎರಡನೆಯದಾಗಿ ಅವರದು. ಆಮೇಲೆ ಉತ್ತರ: ನಾನು ಹೋಗುವ ಮುಂಚೆಯೇ ಆ ಎರಡು ಗದ್ದೆಗಳಿಗೆ ರೈತರು ಸವಳು ಕಳೆಯಲು ಜಿಪ್ಸಂ ಹಾಕಿದ್ದರು, ಅಲ್ಲಿಯ ಮಣ್ಣು ತಂದಿದ್ದರೆ ಸವಳಿನ ಲೆಕ್ಕ ತಪ್ಪುತ್ತಿತ್ತು. ಅಷ್ಟೇ.

“ಮುಖ್ಯಸ್ಥರಿಗೆ ಏನಂತ ಹೇಳ್ಲಿ?” ಗೈಡ್ ಮುಖ ಬಾಡಿತ್ತು. ಪಾಪ ಅನ್ನಿಸಿತು. ಹೆಸರು ಬಿಟ್ಟುಕೊಡುವಷ್ಟು ಪಾಪ ಅನ್ನಿಸಲಿಲ್ಲ.

“ಅಳಿಯಾರನ್ನ ಕುರ್ಡಿಗಿ ಕಳಿಸ್ರಿ ಸರ್,” ಎಂದೆ. “ಸಲಿಕಿ ನಾ ಕೊಡ್ತೀನಿ.”

ಹಾಗೆಂದು ಕಳುಹಿಸುವ ಗುಂಡಿ ಒತ್ತಿದೆ. ಅವರು ತಡೆಯಲಿಲ್ಲ.