ಸೋಪಿನ ವೀರಗಲ್ಲು

ಮೇ ತಿಂಗಳ ರಜೆಯಲ್ಲಿ ಮಕ್ಕಳಿಗೆ ಒಂದು ದಿನದ ಇತಿಹಾಸ ಶಿಬಿರ ಮಾಡೋಣವೆಂದು ಘಾಟ್ಕೋಪರಿನ ನಮ್ಮ ಕನ್ನಡ ಸಂಘದವರು ತೀರ್ಮಾನಿಸಿದಾಗ, ಕೈಕೆಲಸದ ಜವಾಬ್ದಾರಿ ನನ್ನ ಪಾಲಿಗೆ ಬಂತು. ನಾನು ವಿಕ್ರೋಳಿಯ ಕಂಪನಿಯೊಂದರಲ್ಲಿ ಲೆಕ್ಕಪತ್ರ ನೋಡುವವಳು. ಇತಿಹಾಸ ಓದಿದ್ದು ಶಾಲೆಯಲ್ಲಷ್ಟೇ. ಆದರೆ ಒಮ್ಮೆ ಬೊರಿವಲಿ ಕಡೆ ಹೋದಾಗ ವೀರಗಲ್ಲುಗಳನ್ನು ನೋಡಿದ್ದೆ. ಅವುಗಳ ಮೇಲೆ ಹಡಗುಗಳಿದ್ದವು, ಸಾಲಾಗಿ ಕುಳಿತು ಹುಟ್ಟು ಹಾಕುವವರಿದ್ದರು. ವಿಜಯಪುರದ ಕಡೆ ಚಿಕ್ಕವಳಿದ್ದಾಗ ಕಂಡಿದ್ದ ಕಲ್ಲುಗಳ ನೆಂಟರು ಮುಂಬಯಿಯಲ್ಲೂ ಇದ್ದಾರಲ್ಲ ಎಂದು ಆವತ್ತು ಬಹಳ ಖುಷಿಯಾಗಿತ್ತು. ಮಕ್ಕಳಿಂದ ಅದನ್ನೇ ಮಾಡಿಸುವುದೆಂದುಕೊಂಡೆ. ಕಲ್ಲಿನ ಬದಲು ಸೋಪು.

ಮೊದಲು ಮನೆಯಲ್ಲಿ ಪ್ರಯೋಗ ಮಾಡಿದೆ. ಮೈಸೋಪು ತಂದು ಕೆತ್ತಲು ಕುಳಿತರೆ, ಯುದ್ಧಕ್ಕೆ ಹೊರಡುವ ಮೊದಲೇ ವೀರನ ರುಂಡ ಉದುರಿತು. ಇನ್ನೊಂದು ನಡುವೆಯೇ ಸೀಳಿತು. ಸೋಪಿನ ಪುಡಿಗೆ ನನ್ನ ಗಂಡ ಸೀನುತ್ತಾ ಬಾಲ್ಕನಿಗೆ ಹೋದರು. ಅತ್ತೆ ಟಿವಿಯ ಸದ್ದು ಸಣ್ಣದು ಮಾಡಿ ನನ್ನ ಕಡೆ ನೋಡಿದರು.

"ಏನವಾ, ಮನಿಯೊಳಗ ಕಾಲಿಡಾಕ ಜಾಗಾ ಇಲ್ಲಲ್ಲ. ಯಾರನ್ನ ಕೆತ್ತಾಕತ್ತಿ?"

"ವೀರನ್ನ, ಅತ್ತಿ."

"ಬೆಕ್ಕಿನಂಗ ಕಾಣತೈತಿ," ಎಂದು ಅವರು ಮತ್ತೆ ಧಾರಾವಾಹಿಗೆ ತಿರುಗಿದರು.

ಆಮೇಲೆ ಬಟ್ಟೆ ಒಗೆಯುವ ಹಳದಿ ಬಾರ್ ಸೋಪು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ. ಮರುದಿನ ಅದು ಬೆಣ್ಣೆಯಂತೆ ಕೆತ್ತಿಸಿಕೊಂಡಿತು. ಸಭಾಗೃಹ ನೋಡಿಕೊಳ್ಳುವ ಹಿರಿಯರು ಉಡುಪಿ ಕಡೆಯವರು, ಹೋಟೆಲನ್ನು ಮಕ್ಕಳಿಗೆ ಬಿಟ್ಟುಕೊಟ್ಟು ಸಂಘದಲ್ಲೇ ಕಾಲ ಕಳೆಯುವವರು. ಅವರು ಒಂದೇ ಷರತ್ತು ಹಾಕಿದರು: "ಚೂರಿ ಒಂದು ತರ್ಲಿಕ್ಕೆ ಇಲ್ಲ ಮಾರಾಯ್ರೆ." ಹಾಗಾಗಿ ಐಸ್‌ಕ್ರೀಮ್ ಕಡ್ಡಿ, ರೀಫಿಲ್ ಮುಗಿದ ಪೆನ್ನು, ಹಲ್ಲುಕಡ್ಡಿ ಇವೇ ನಮ್ಮ ಉಳಿಗಳಾದವು.

ಶಿಬಿರದ ದಿನ ಪವಾಯಿಯಿಂದಲೂ ಮಕ್ಕಳು ಬಂದಿದ್ದರು. ನೆಲದ ಮೇಲೆ ಹಳೆಯ ಪೇಪರು ಹಾಸಿ ಕೂರಿಸಿದೆ. ಬೋರ್ಡಿನ ಮೇಲೆ ಮೂರು ಅಂತಸ್ತಿನ ಕಲ್ಲೊಂದನ್ನು ಬರೆದು ವಿವರಿಸಿದೆ. ಕೆಳಗೆ ವೀರ ಹೋರಾಡುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಶಿವನ ಸನ್ನಿಧಿಯಲ್ಲಿ ಆರಾಮಾಗಿ ಕೂತಿರುತ್ತಾನೆ. "ನಿಮಗೆ ಬೇಕಾದ ವೀರನನ್ನು ಮಾಡಿ," ಎಂದೆ.

ಎರಡು ಜಡೆಯ ಹುಡುಗಿಯೊಬ್ಬಳು ಕಡ್ಡಿಯನ್ನೇ ಎತ್ತಿಕೊಳ್ಳದೆ ಬೋರ್ಡು ನೋಡುತ್ತಿದ್ದಳು.

"ಆಂಟಿ, ಕಲ್ಲು ಬೇಕಂದ್ರೆ ಮರನಾ ಹೀ ಪಡ್ತಾ ಹೈ ಕ್ಯಾ?" ಎಂದಳು. ಅವಳು ಕನ್ನಡದಲ್ಲೇ ಕೇಳಲಿ ಎಂದು ನಾನು ಕಾಯುತ್ತಿದ್ದೇನೆಂದು ಭಾವಿಸಿ, ಪದ ಹುಡುಕಿ ಮತ್ತೆ ಕೇಳಿದಳು: "ಸಾಯ್ಲೇಬೇಕಾ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಿಜವಾದ ಇತಿಹಾಸ ಹೇಳಿದರೆ, ಹೌದು, ಸತ್ತವರಿಗೇ ಕಲ್ಲು ನಿಲ್ಲಿಸುತ್ತಿದ್ದರು. ಅದನ್ನು ಹೇಳಿದೆ. ಆದರೆ ಅವಳ ಮುಖ ನೋಡಿ, "ಇವತ್ತು ಇಲ್ಲಿ ಬೇಕಾಗಿಲ್ಲ. ಬದುಕಿರುವವರಿಗೂ ಮಾಡಬಹುದು," ಎಂದು ಸೇರಿಸಿದೆ.

ಅಷ್ಟು ಹೇಳಿದ್ದೇ ತಡ, ಅವಳು ಸೋಪಿನ ಮೇಲೆ ಬಾಗಿದಳು. ಪಕ್ಕದ ಹುಡುಗ ಕತ್ತಿ ಹಿಡಿದ ರಾಜನನ್ನು ಅಳಿಸಿ, ತವಾದ ಮುಂದೆ ನಿಂತು ದೋಸೆ ಹುಯ್ಯುವ ತನ್ನ ಅಜ್ಜನನ್ನು ಮಾಡತೊಡಗಿದ. ಉಡುಪಿಯ ಹಿರಿಯರು ಅದನ್ನು ನೋಡಿ, "ದೋಸೆ ಸ್ವಲ್ಪ ದೊಡ್ಡದು ಮಾಡು ಮಗಾ," ಎಂದು ಅವನ ಬಳಿಯೇ ಕುಳಿತುಬಿಟ್ಟರು.

ಊಟದ ಹೊತ್ತಿಗೆ ಹುಡುಗಿಯ ಕಲ್ಲು ಮುಗಿಯಿತು. ಕೆಳಗಿನ ಅಂತಸ್ತಿನಲ್ಲಿ ಲೋಕಲ್ ಟ್ರೇನಿನ ಬಾಗಿಲು. ಅದರಲ್ಲಿ ತಲೆಗಳೋ ತಲೆಗಳು. ಒಬ್ಬ ಹೆಂಗಸು ಚೀಲ ಎದೆಗವಚಿಕೊಂಡು ನುಗ್ಗುತ್ತಿದ್ದಾಳೆ. ನಡುವೆ ಇಬ್ಬರು ಹೆಂಗಸರು ಸರಿದು ಕೂತು ಅವಳನ್ನು ಕೈಹಿಡಿದು ಎಳೆದು ಜಾಗ ಕೊಡುತ್ತಿದ್ದಾರೆ. ಅವರೇ ಅಪ್ಸರೆಯರು. ಮೇಲಿನ ಅಂತಸ್ತಿನಲ್ಲಿ ಅದೇ ಹೆಂಗಸು ಸೋಫಾದ ಮೇಲೆ ಕಾಲು ಚಾಚಿದ್ದಾಳೆ, ಕೈಯಲ್ಲಿ ಚಹಾದ ಕಪ್ಪು. ಬೋರ್ಡಿನ ಕಲ್ಲಿನ ತುದಿಯಲ್ಲಿ ನಾನು ಬರೆದಿದ್ದ ಸೂರ್ಯ ಚಂದ್ರರನ್ನೂ ಅವಳು ಮರೆತಿರಲಿಲ್ಲ.

"ಮಮ್ಮಿ," ಎಂದಳು, ನಾನು ಕೇಳುವ ಮೊದಲೇ. ಅದೇ ಬಾಗಿಲಲ್ಲಿ ನಾನೂ ದಿನಾ ನುಗ್ಗುವವಳು.

ಸಂಜೆ ಅವಳ ತಾಯಿ ಅವಸರದಿಂದ ಬಂದರು, ಧಾರವಾಡದ ಕಡೆಯವರು. ಮಗಳು ಸೋಪನ್ನು ಅವರ ಕೈಗಿಟ್ಟಳು.

"ಯಾರು ಇಕಿ? ನಾನ? ಇಷ್ಟ ದಪ್ಪ ಅದೀನೇನ ನಾನು?" ಎಂದು ಮೊದಲು ನಕ್ಕರು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ಮೇಲಿನ ಅಂತಸ್ತನ್ನು ಬಹಳ ಹೊತ್ತು ನೋಡಿದರು. "ದಿನಾ ಹಿಂಗ ಕೂಡಿಸ್ತೀ ಏನ್ ನನ್ನ?"

"ಸಂಡೇ ಓನ್ಲಿ," ಎಂದಳು ಮಗಳು.

ತಾಯಿ ಅದನ್ನು ಚೀಲಕ್ಕೆ ಹಾಕಿಕೊಳ್ಳಲಿಲ್ಲ. ಒಡೆದೀತೆಂದು ಅಂಗೈಯಲ್ಲಿಟ್ಟುಕೊಂಡೇ ಮೆಟ್ಟಿಲಿಳಿದರು, ಹುಡುಗಿ ಮುಂದೆ ಮುಂದೆ ಜನರನ್ನು ಸರಿಸುತ್ತಾ ಹೋದಳು.

ಎಲ್ಲರೂ ಹೋದ ಮೇಲೆ ಹಿರಿಯರು ನೆಲ ಒರೆಸಲು ಬಕೆಟ್ ನೀರು ಸುರಿದರು. ಪುಡಿಯೆಲ್ಲ ನೊರೆಯಾಗಿ ಉಕ್ಕಿ ಬಾಗಿಲವರೆಗೂ ಹರಿಯಿತು. "ಅಯ್ಯೋ ದೇವರೇ, ಇನ್ನು ಒಂದು ವರ್ಷ ಗುಡಿಸ್ಲಿಕ್ಕೆ ಬೇಡ!" ಎಂದು ಅವರು ಪಂಚೆ ಎತ್ತಿ ಕಟ್ಟಿದರು. ನಾನೂ ಸೀರೆ ಸಿಕ್ಕಿಸಿ ಪೊರಕೆ ಹಿಡಿದೆ. ಇಬ್ಬರೂ ಜಾರುತ್ತಾ, ನಗುತ್ತಾ ನೊರೆಯನ್ನು ಮೋರಿಯ ಕಡೆ ತಳ್ಳಿದೆವು.