ಮರದ ಯೇಸುವಿಗೆ ಹೆಗಲು

ವಿಜಾಪುರದ ಆಸ್ಪತ್ರೆಗೆ ನರ್ಸಾಗಿ ಬಂದ ವರ್ಷವೇ ಮಂಗಳೂರಿನಲ್ಲಿ ಅಮ್ಮ ತೀರಿಕೊಂಡಳು. ತಂತಿ ಸಿಕ್ಕಿ, ರೈಲು ಬಸ್ಸು ಹತ್ತಿ ನಾನು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ವಾಪಸು ಬಂದು ಇಬ್ರಾಹಿಂಪುರ ಬಡಾವಣೆಯ ಬಾಡಿಗೆ ಕೋಣೆಯ ಬೀಗ ತೆಗೆದೆ. ಯಾರೂ ಏನೂ ಕೇಳಲಿಲ್ಲ. ಕೇಳಲು ಗೊತ್ತಿರಬೇಕಲ್ಲ! ಹೇಳಿಕೊಳ್ಳುವ ಜಾಯಮಾನ ನನ್ನದಲ್ಲ. ಆದರೂ ಒಬ್ಬರಾದರೂ ಕೇಳಲಿ ಎಂದು ಒಳಗೊಳಗೇ ಕಾದೆ. ಕಾದು ಕಾದು ಊರಿನ ಮೇಲೇ ಸಿಟ್ಟು ಬಂತು.

ಅದಾಗಿ ಬಂದ ಬೇಸಿಗೆಯ ಶುಭ ಶುಕ್ರವಾರ. ಶಿಲುಬೆಯಿಂದ ಇಳಿಸಿದ ಯೇಸುವಿನ ಮರದ ಮೂರ್ತಿಯನ್ನು ಮಂಚದ ಮೇಲೆ ಮಲಗಿಸಿ, ಬಿಳಿ ಬಟ್ಟೆ ಹೊದಿಸಿ, ಹೊತ್ತು ಬೀದಿ ಸುತ್ತಿ ಇಗರ್ಜಿಗೆ ತರುವುದು ನಮ್ಮ ಪದ್ಧತಿ. ನಮ್ಮೂರಲ್ಲಾದರೆ ಹೊರಲು ಜಗಳವೇ ಆಗುತ್ತದೆ. ಇಲ್ಲಿ ನಾವಿದ್ದದ್ದೇ ಹಿಡಿಯಷ್ಟು ಜನ. ಹೊರಬೇಕಿದ್ದ ನಾಲ್ವರಲ್ಲಿ ರೈಲ್ವೆಯವರೊಬ್ಬರಿಗೆ ಡ್ಯೂಟಿ ಬಿತ್ತು. ಪಾದ್ರಿಗಳು ಸುತ್ತ ನೋಡಿದರು. ಎತ್ತರ ಇದ್ದದ್ದೇ ನನ್ನ ಗ್ರಹಚಾರ. ಹಿಂದಿನ ಮೂಲೆ ನನ್ನ ಹೆಗಲಿಗೆ ಬಂತು.

ಅಮ್ಮನನ್ನು ಯಾರು ಹೊತ್ತರೋ, ನಾನಂತೂ ಅವಳ ಮುಖ ಕೂಡ ನೋಡಲಿಲ್ಲ ಅನ್ನಿಸಿದ್ದೇ ತಡ, ನಡುಬೀದಿಯಲ್ಲಿ ಅಳು ಬಂತು. ಸೈಕಲ್ ಅಂಗಡಿಯ ಮುಂದೆ ಪಂಕ್ಚರ್ ಹಾಕುತ್ತಿದ್ದ ಮುಸಲ್ಮಾನ ಮುದುಕರೊಬ್ಬರು ದಡಬಡ ಎದ್ದು ಬಂದರು.

"ಯವ್ವಾ, ಹೆಣ್ಮಗಳು ಹೊರಾಕತ್ತೀಯಲ್ಲ, ಗಂಡಸರು ಯಾರೂ ಇಲ್ಲೇನು? ಬಿಡು, ಇಲ್ಲಿ ಕೊಡು."

ಯಾರ ಹೆಣವೇ ಎದುರಾಗಲಿ, ನಾಲ್ಕು ಹೆಜ್ಜೆ ಹೆಗಲು ಕೊಡುವುದು ಅವರ ಪದ್ಧತಿ. ಇದು ಹೆಣವಲ್ಲ, ಮರದ್ದು ಎಂದು ನಾನು ಹೇಳುವಷ್ಟರಲ್ಲಿ ಅವರು ಮಂಚಕ್ಕೆ ಹೆಗಲು ಕೊಟ್ಟಾಗಿತ್ತು. ಉಳಿದ ಮೂವರೂ ಬಾಯಿ ಬಿಡಲಿಲ್ಲ. ಹೊರುವವರು ಸಿಕ್ಕರೆ ಯಾರಿಗೆ ಬೇಡ? ಮುದುಕರು ಇಗರ್ಜಿಯವರೆಗೂ ಹೊತ್ತರು.

ಒಳಗೆ ಬಟ್ಟೆ ಸರಿಸಿದಾಗ ಬಣ್ಣ ಬಳಿದ ಗಾಯಗಳು ಕಂಡವು.

"ಯಪ್ಪಾ! ಕಟ್ಟಿಗೀದೇನ್ರಿ ಇದು?"

ಮೂರ್ತಿಯೆಂದರೆ ಅವರಿಗೆ ಆಗದು. ಬೈದೇ ಹೋಗುತ್ತಾರೆ ಅಂದುಕೊಂಡೆ. ಅವರು ನನ್ನ ಕಡೆ ತಿರುಗಿದರು.

"ಮತ್ತ ನೀ ಖರೇನ ಅಳಾಕತ್ತಿದ್ದಿಯಲ್ಲವ್ವಾ. ಯಾರು ಹೋಗ್ಯಾರ?"

"ನಮ್ಮಮ್ಮ," ಅಂದೆ. ಮನೆ ಎಲ್ಲಿ ಎಂದು ಕೇಳಿಕೊಂಡು ಹೋದರು.

ಸಂಜೆ ಹೆಂಡತಿಯನ್ನು ಕರೆದುಕೊಂಡು ಬಂದರು. ಆಕೆಯ ಕೈಯಲ್ಲಿ ರೊಟ್ಟಿಯ ಗಂಟು, ಬೇಳೆಯ ಡಬ್ಬಿ.

"ಸತ್ತವರ ಮನ್ಯಾಗ ಒಲಿ ಹಚ್ಚಬಾರದು. ಉಣ್ಣವ್ವಾ," ಅಂದಳು ಆಕೆ.

ಅಮ್ಮ ಹೋಗಿ ತಿಂಗಳುಗಳೇ ಆದವು ಅಂದೆ.

"ಆವಾಗ ಯಾರು ತಂದಿದ್ರು?"

ಯಾರೂ ಇಲ್ಲ ಎಂದು ತಲೆಯಾಡಿಸಿದೆ. ಶುಭ ಶುಕ್ರವಾರವಾದ್ದರಿಂದ ಅಂದು ನನಗೆ ಕಟ್ಟುನಿಟ್ಟಿನ ಉಪವಾಸ. ಅದನ್ನು ಹೇಳದೆ ಅವರಿಬ್ಬರ ಮುಂದೆಯೇ ಕೂತು ರೊಟ್ಟಿ ಮುರಿದೆ.